ಎರಡೂ ಓಣಿಗೆ ಬೇಡದ ಕಾರು

ಕರೆಂಟ್ ಕಾರಿನವರ ಓಣಿಗೂ ಡೀಸೆಲ್ ಕಾರಿನವರ ಓಣಿಗೂ ನಡುವೆ ಗೋಡೆ ಎದ್ದ ಮೇಲೆ, ಎರಡರಲ್ಲೂ ಓಡುವ ಹೈಬ್ರಿಡ್ ಕಾರು ಇಟ್ಟುಕೊಂಡಿದ್ದ ನೀಲಗಂಗಾಗೆ ಎರಡೂ ಕಡೆ ಬಾಡಿಗೆ ಮನೆ ಸಿಗಲಿಲ್ಲ. ಗೋಡೆಯ ಗೇಟಿನ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಳು. ಡೀಸೆಲ್‌ನವರು ಅವಳ ಕಾರಿಗೆ ಉಗುಳುತ್ತಿದ್ದರು, ಕರೆಂಟಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು.

"ಅದು ಕಾರಲ್ಲ, ಎರಡು ಎಂಜಿನ್ ಹೊರೂ ಕತ್ತೆ," ಎಂದು ಕರೆಂಟ್ ಓಣಿಯ ಅಧ್ಯಕ್ಷ ಹೊಂಬಳ ಸಭೆಯಲ್ಲೇ ನಗಾಡಿದ್ದ. ಹೊಗೆ ಬಿಡುವ ಗಾಡಿಗೆ ಗೇಟು ತೆರೆಯಬಾರದೆಂಬ ನಿಯಮವೂ ಅವನದೇ.

ಇವತ್ತು ಅದೇ ಹೊಂಬಳ ಡೀಸೆಲ್ ಓಣಿಯಲ್ಲಿ, ಚಾರ್ಜ್ ಮುಗಿದ ಕಾರಿನ ಪಕ್ಕ ನಿಂತಿದ್ದ. ಒಳಗೆ ಅವನ ತಾಯಿ ಎದೆ ಹಿಡಿದುಕೊಂಡು ನರಳುತ್ತಿದ್ದಳು. ಆಸ್ಪತ್ರೆ ಗೇಟಿನ ಆಚೆ, ಕರೆಂಟ್ ಓಣಿಯಲ್ಲಿತ್ತು. ಡೀಸೆಲ್‌ನವರು ಸುತ್ತ ನಿಂತು ನೋಡುತ್ತಿದ್ದರು; ಅವರ ಗಾಡಿಗಳಿಗೆ ಗೇಟು ತೆರೆಯುವಂತಿರಲಿಲ್ಲ. ಅಷ್ಟರಲ್ಲಿ ನೀಲಗಂಗಾಳ ಕಾರು ಅಲ್ಲಿಗೆ ಬಂತು.

"ನೀಲಗಂಗಕ್ಕಾರ, ಅವ್ವನ್ನ ದವಾಖಾನಿಗೆ ಮುಟ್ಟಸ್ರಿ. ಕೈ ಮುಗಿತೀನಿ."

"ಕತ್ತೆ ಮ್ಯಾಲೆ ಕುಂದರತಾರೇನ್ರಿ ನಿಮ್ಮವ್ವ?" ಎನ್ನುತ್ತಲೇ ನೀಲಗಂಗಾ ಮುದುಕಿಯನ್ನು ಎತ್ತಿ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದಳು.

ಹೊಂಬಳ ಮುಂದಿನ ಬಾಗಿಲಿಗೆ ಕೈ ಹಾಕಿದ.

"ನೀವು ನಡಕೊಂಡ ಬರ್ರಿ. ಮೊದಲೇ ಎರಡು ಎಂಜಿನ್ ಭಾರ ಐತಿ."

ಬ್ಯಾಟರಿ ತುಂಬಿತ್ತು. ಗೇಟಿನವರೆಗೂ, ಅದರಾಚೆಗೂ ಡೀಸೆಲ್ ಎಂಜಿನ್ ಬೇಕಿರಲಿಲ್ಲ. ಆದರೂ ನೀಲಗಂಗಾ ಒಮ್ಮೆ ಅದನ್ನು ಚಾಲೂ ಮಾಡಿ, ಅವನ ಬಿಳಿ ಅಂಗಿಯ ಮೇಲೆ ಹೊಗೆ ಬಿಟ್ಟು, ಆರಿಸಿ, ಸದ್ದಿಲ್ಲದೆ ಗೇಟು ದಾಟಿದಳು.