ಕಿವಿ ಮುಚ್ಚಿ ಕೇಳಿದ್ದು

"ನರಿ," ಎಂದು ತೀರ್ಪು ಕೊಟ್ಟು ಓಬಳಯ್ಯ ಇಯರ್‌ಫೋನನ್ನು ಕಿವಿಯಿಂದ ತೆಗೆದು ರಕ್ಷಾಳ ಕೈಗೆ ಹಾಕಿದ. "ಬರೀ ನರಿ ಕಣಮ್ಮ. ಇದನ್ನ ಕೇಳ್ಸಕ್ಕೆ ಮಧುಗಿರಿಯಿಂದ ಬಸ್ ಹತ್ಕಂಡ್ ಬಂದ್ಬುಟ್ಯಾ?"

ಅವನ ಹೆಂಡತಿ ಮುದ್ದಕ್ಕ ಹಿಡಿದಿದ್ದ ಉಸಿರು ಬಿಟ್ಟು, ಮಂದೆಯ ಸುತ್ತ ಬಲೆ ಕಟ್ಟುವ ಗೂಟ ಹೊಡೆಯಲು ಕಲ್ಲು ಎತ್ತಿಕೊಂಡಳು. ನರಿಯಾದರೆ ನಿನ್ನೆಯಂತೆ ಇವತ್ತೂ ಬರಗೂರಿನಾಚೆಯ ಈ ಗುಡ್ಡದ ಬುಡದಲ್ಲೇ ಕುರಿ ತಂಗಬಹುದು. ಎರಡು ನಾಯಿ ಸಾಕು. ತೋಳವಾದರೆ ಹೊತ್ತು ಮುಳುಗುವ ಮೊದಲೇ ಜಾಗ ಖಾಲಿ ಮಾಡಬೇಕು. ಮೂವತ್ತು ಕುರಿ ಆ ವಾರವಷ್ಟೇ ಈದಿದ್ದವು. ಮರಿಗಳಿಗೆ ತಮ್ಮ ಕಾಲುಗಳ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ.

ಗುಡ್ಡದ ಮೇಲಿನ ಜಾಲಿ ಮರಕ್ಕೆ, ಮೊಳಕಾಲೆತ್ತರದಲ್ಲಿ, ನಿನ್ನೆ ಸಂಜೆ ದನಿ ಹಿಡಿಯುವ ಯಂತ್ರ ಕಟ್ಟಿದವಳು ರಕ್ಷಾ. ರಾತ್ರಿ ಅದರಲ್ಲಿ ಸಿಕ್ಕ ಕೂಗನ್ನೇ ಈಗ ಕೇಳಿಸುತ್ತಿದ್ದಳು. ಮಧುಗಿರಿಯವಳು, ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಓದಿದ್ದರಿಂದಲೇ ಅನುಮಾನ ಜಾಸ್ತಿ.

"ತಾತ, ನೀವು ಅದನ್ನ ಕಿವಿ ಒಳಗೆ ಇಟ್ಕೊಳ್ಳಲೇ ಇಲ್ಲ. ಬೀಡಿ ಥರ ಹೊರಗೆ ಸಿಕ್ಕಿಸ್ಕೊಂಡ್ರಿ. ಸಂದಿ ಉಳಿದ್ರೆ ದಪ್ಪ ದನಿಯೆಲ್ಲ ಸೋರಿಹೋಗತ್ತೆ, ಕೀರಲು ಮಾತ್ರ ಉಳಿಯತ್ತೆ. ಆಗ ತೋಳ ಕೂಗಿದ್ರೂ ನರಿ ಅಂತಾನೇ…"

"ಅಯ್ಯೋ, ಹೆಸರು ಹಿಡೀಬ್ಯಾಡ!" ಮುದ್ದಕ್ಕ ಥೂ ಥೂ ಎಂದು ಉಗಿದಳು. "ಮಂದೆ ಮುಂದೆ ನಿಂತ್ಕಂಡು ಅದರ ಹೆಸರು ಹೇಳ್ತಾರಾ? 'ಅದು' ಅನ್ನು, ಸಾಕು."

ರಕ್ಷಾ ಪುಟ್ಟ ಕವರಿನಿಂದ ಇಯರ್‌ಫೋನಿನ ತುದಿಗೆ ಹಾಕುವ ರಬ್ಬರ್ ಟೊಪ್ಪಿಗಳನ್ನು ಅಂಗೈಗೆ ಸುರಿದುಕೊಂಡಳು. ಓಬಳಯ್ಯನ ಎಡಗಿವಿಗೆ ಮಧ್ಯದ ಅಳತೆಯದು ಕೂತಿತು. ಬಲಗಿವಿಗೆ ಅದೇ ಸಡಿಲವಾಯಿತು, ಅಗಲದ್ದು ಬೇಕಾಯಿತು.

"ಎರಡೂ ನನ್ನವೇ ಅಲ್ವೇನಮ್ಮ? ಅಳತೆ ಬ್ಯಾರೆ ಹೆಂಗಾಯ್ತದೆ?"

"ಬಲಗಿವಿ ಅವರಪ್ಪ ಹಿಂಡಿ ಹಿಂಡಿ ಹಿಗ್ಗೈತೆ, ಬುಡು," ಎಂದಳು ಮುದ್ದಕ್ಕ.

ರಕ್ಷಾ ಅವನ ಬಾಯಿ ತೆರೆಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಟೊಪ್ಪಿಯನ್ನು ಕೊಂಚ ತಿರುಗಿಸಿ ಒತ್ತಿದಳು. ದೀಪ ಆರಿದ ಹಾಗೆ ಲೋಕದ ಸದ್ದು ಆರಿತು. ಎದುರಿಗೆ ಕುರಿಗಳು ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ದನಿಯಿಲ್ಲ. ಓಬಳಯ್ಯ ಬೆಚ್ಚಿ ಎರಡನ್ನೂ ಕಿತ್ತ.

"ಕುರಿ ಎಲ್ಲೋದ್ವು?"

"ಕಣ್ಮುಂದೇನೇ ಇದಾವಲ್ಲ ತಾತ."

"ಕಾಣ್ತಾವೆ. ಆದ್ರೆ ಇಲ್ಲ."

ಮತ್ತೆ ಹಾಕಿದಳು. ಅವಳು ಆ ಕಡೆ ತಿರುಗಿದ್ದೇ ತಡ, ಅವನು ಕಿರುಬೆರಳಿನಿಂದ ಬಲಗಡೆಯದನ್ನು ಕಳ್ಳನಂತೆ ಸಡಿಲಿಸಿಕೊಂಡ. ಮೂರು ಸಲ ಹೀಗೇ ಆಯಿತು. ನಲವತ್ತು ವರ್ಷ ನಿದ್ದೆಯಲ್ಲೂ ಒಂದು ಕಿವಿಯನ್ನು ಮಂದೆಗೆ ಮೀಸಲಿಟ್ಟವನು ಅವನು. ಕಣ್ಣು ಮುಚ್ಚಬಹುದು, ಕಿವಿ ಮುಚ್ಚಿದರೆ ಕುರಿ ಕಾಯುವವನು ಯಾಕೆ ಬೇಕು?

ರಕ್ಷಾಳಿಗಿಂತ ಮೊದಲು ಇದು ಮುದ್ದಕ್ಕನಿಗೆ ತಿಳಿಯಿತು. ಅವಳು ಕಲ್ಲು ಕೆಳಗಿಟ್ಟು ಮಂದೆಯ ನಡುವೆ ಹೋಗಿ ನಿಂತಳು. "ಕುರಿ ನಾನು ಕೇಳಿಸ್ಕಂತೀನಿ. ಮುಚ್ಕೋ ಕಿವಿನ."

"ನಿನ್ ಕೈಲಾಯ್ತದಾ?"

"ಮೂವತ್ತೆಂಟು ವರ್ಷ ನಿನ್ ಗೊರಕೆ ಕೇಳಿಲ್ವಾ? ಕುರಿದೇನ್ ಮಹಾ!"

ಈ ಸಲ ಅವನು ಕಣ್ಣನ್ನೂ ಮುಚ್ಚಿದ. ರಕ್ಷಾ ಅದೇ ಕೂಗನ್ನು ಮೊದಲಿನಿಂದ ಹಾಕಿದಳು. ಅದೇ ಕೀರಲು, ಆದರೆ ಈಗ ಅದಕ್ಕೊಂದು ಬುಡವಿತ್ತು. ನೆಲದೊಳಗಿನಿಂದ ಎದ್ದಂತೆ ದಪ್ಪಗೆ, ನಿಧಾನವಾಗಿ, ಎಲ್ಲೂ ತುಂಡಾಗದೆ ಮೇಲೇರಿತು. ನರಿಯ ಕೂಗು ಒಡೆದು ಚೂರಾಗುತ್ತದೆ. ಇದು ಒಡೆಯಲಿಲ್ಲ.  ಓಬಳಯ್ಯನ ಮುಖ ನೋಡಿಯೇ ಉತ್ತರ ತಿಳಿದ ರಕ್ಷಾ ನಿಲ್ಲಿಸಲು ಹೋದಳು. ಅವನು ಅವಳ ಮಣಿಕಟ್ಟು ಹಿಡಿದ. ಕೊನೆಯವರೆಗೂ ಕೇಳಿಸಲಿ.

ಕೂಗು ಮುಗಿದ ಮೇಲೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ, ತೀರಾ ಹತ್ತಿರ, ತನ್ನದೇ ತಲೆಯೊಳಗೆ ಎನ್ನುವಷ್ಟು ಹತ್ತಿರ, ಒಂದು ಉಸಿರು. ಒಳಗೆ ಎಳೆದುಕೊಳ್ಳುವುದು, ತಡೆಯುವುದು, ಬಿಡುವುದು.  ಆ ಉಸಿರಿನ ಆಚೆ, ದೂರ ಕೆಳಗೆ, ಮರಿಯೊಂದು ಅತ್ತಿತು, ತಾಯಿ ಓಗೊಟ್ಟಿತು. ಒಬ್ಬ ಗಂಡಸು ಎರಡು ಸಲ ಕೆಮ್ಮಿದ. ಆ ಕೆಮ್ಮು ಯಾರದೆಂದು ಓಬಳಯ್ಯನಿಗೆ ಗೊತ್ತಿತ್ತು. ಆಮೇಲೆ ಒಂದು ಹೆಂಗಸಿನ ದನಿ, ದೂರಕ್ಕೆ ಸಣ್ಣದಾಗಿದ್ದರೂ ಮಾತು ಮಾತೂ ಬಿಡಿಬಿಡಿಯಾಗಿ: "ಉಣ್ಣಕ್ಕೆ ಬರ್ತೀಯೋ, ಇಲ್ಲಾ ನಾಯಿಗಾಕ್ಲೋ?"

ಹತ್ತಿರದ ಉಸಿರು ನಿಂತಿತು. ಹೆಂಗಸಿನ ಮಾತು ಮುಗಿಯುವವರೆಗೆ ನಿಂತೇ ಇತ್ತು. ಮುಗಿದ ಮೇಲೆ ಮೆಲ್ಲಗೆ ಮತ್ತೆ ಶುರುವಾಯಿತು.

ಕಾವಿಗೆ ಕೂತ ಕೋಳಿಯ ಕೆಳಗಿಂದ ಮೊಟ್ಟೆ ತೆಗೆಯುವವನಂತೆ ಓಬಳಯ್ಯ ಇಯರ್‌ಫೋನನ್ನು ಒಂದೊಂದಾಗಿ ತೆಗೆದ. ಗುಡ್ಡದ ಕಡೆ ನೋಡಿದ. ಕುರುಚಲು, ಬಂಡೆ, ಇಳಿಬಿಸಿಲು, ಬೇರೇನೂ ಇಲ್ಲ.

"ಏನಯ್ಯೋ, ನರೀನೋ ಅದೋ?" ಮುದ್ದಕ್ಕ ಕುರಿಗಳ ನಡುವಿನಿಂದ ಕೂಗಿದಳು. "ಗೂಟ ಹೊಡೀಲೋ ಬ್ಯಾಡ್ವೋ?"

ಈ ಹೊಲದಲ್ಲಿ ನಿಂತು ಆ ಹೊಲಕ್ಕೆ ಕೇಳುವಂತೆ ಮಾತಾಡಿಯೇ ಬದುಕಿದ ಓಬಳಯ್ಯ ಉತ್ತರ ಕೂಗಲಿಲ್ಲ. ಕುರಿಗಳನ್ನು ಸರಿಸಿಕೊಂಡು ಅವಳ ಹತ್ತಿರ ಹೋದ, ಬಗ್ಗಿದ, ಮದುವೆಯಾದಂದಿನಿಂದ ಮೊದಲ ಬಾರಿಗೆ ಅವಳ ಕಿವಿಯಲ್ಲಿ ಪಿಸುಗುಟ್ಟಿದ:

"ಬಲೆ ಮಡಚು. ಮೆತ್ತಗೆ… ನೀನು ನನ್ನ ಉಣ್ಣಕ್ಕೆ ಕರೆಯೋ ಹೊತ್ತು ಅದಕ್ಕೂ ಗೊತ್ತೈತೆ."