ಇಲ್ಲದ ಹೆಸರಿಗೂ ಅದೇ ವಿಳಾಸ

ಆ ಊರಲ್ಲಿ ಮನೆಗಳು ದಿನಾ ಜಾಗ ಬದಲಿಸುತ್ತಿದ್ದವು. ಯಾರ ಮನೆ ಎಲ್ಲಿದೆಯೆಂದು ಓಣಿಯ ಹೆಸರುಪೆಟ್ಟಿಗೆಯನ್ನು ಕೇಳಬೇಕಿತ್ತು. ಹೆರಿಗೆ ಮಾಡಿಸಲು ಹೊರಟ ಸೂಲಗಿತ್ತಿ ಶಾವಂತ್ರೆವ್ವ ಮೆಹರುನ್ನೀಸಾಳ ಮನೆ ಕೇಳಿದಾಗ ಪೆಟ್ಟಿಗೆ, "ಹಳೇ ಗಿರಣಿಯ ಹಿಂದೆ" ಎಂದಿತು. ಗಿರಣಿಯ ಹಿಂದೆ ಯಾವ ಮನೆಯೂ ಎಂದೂ ನಿಂತಿರಲಿಲ್ಲ. ಸಂಶಯ ಬಂದು ಅವಳು ಹುಟ್ಟೇ ಇರದ ಒಬ್ಬಳ ಹೆಸರು ಕಟ್ಟಿ ಕೇಳಿದಳು. ಅದಕ್ಕೂ ಅದೇ ವಿಳಾಸ ಬಂತು.

ಪಕ್ಕದ ಓಣಿಯ ಪೆಟ್ಟಿಗೆ, ಮೆಹರುನ್ನೀಸಾಳ ಮನೆ ಕೆರೆ ದಂಡೆಯಲ್ಲಿದೆ ಎಂದಿತು. ಶಾವಂತ್ರೆವ್ವ ಓಡಿದಳು. ಮಧ್ಯಾಹ್ನಕ್ಕೆ ಹೆಣ್ಣು ಕೂಸು ಹುಟ್ಟಿತು.

ಕೈ ತೊಳೆದವಳೇ ಮೊದಲಿನ ಪೆಟ್ಟಿಗೆಗೆ ಮರಳಿ, ಸಾಲಿನಲ್ಲಿದ್ದವರಿಗೆ ಹೇಳಿದಳು: "ಇದು ಸುಳ್ಳ ಹೇಳಾಕತ್ತೈತಿ. ಗಿರಣಿ ಕಡೆ ಯಾರೂ ಹೋಗಬ್ಯಾಡ್ರಿ."

ಕೊನೆಯಲ್ಲಿ ನಿಂತ ಹೆಂಗಸೊಬ್ಬಳು ಮೆಲ್ಲಗೆ ಅಂದಳು: "ಅಕ್ಕಾ, ನಮ್ಮನಿಯವ್ರು ನಿನ್ನೆನ ಆ ಕಡೆ ಹೋಗ್ಯಾರ. ಇನ್ನೂ ಬಂದಿಲ್ಲ."