ಹಿಂದಿರುಗಿ ನೋಡುವ ಗಿಳಿ

ಮತ್ತೆ ಅವನೇ ಬಂದಿದ್ದ.

ಸಿಂದಗಿ ಸಂತೆಯಲ್ಲಿ ಗಡಿಗೆಗಳ ಸಾಲಿನ ಹಿಂದೆ ಕುಳಿತಿದ್ದ ಮೋದಿನಸಾಬ ತಲೆಯ ವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡ. ಉಪಯೋಗವಾಗಲಿಲ್ಲ. ಹಿಂದೆ ಇಂಡಿ ಸಂತೆಯಲ್ಲಿ ಬೆನ್ನು ಹತ್ತಿದ್ದ ಆ ಬಿಳಿ ಟೋಪಿಯವನು ನೇರವಾಗಿ ಬಂದು ಎದುರಿಗೇ ಕುಕ್ಕರುಗಾಲಿನಲ್ಲಿ ಕುಳಿತ.

ಹೆಸರು ಬಸಂತರಾಯ ಎಂದಿದ್ದ. ಊರೂರಿನ ಚಿತ್ರದ ಗಡಿಗೆ, ಮಣ್ಣಿನ ಗೊಂಬೆ ಕೂಡಿಹಾಕುವುದು ತನ್ನ ಕೆಲಸವೆಂದಿದ್ದ. ರಾಜ್ಯ ಒಂದಾದ ಮೇಲೆ ಇಂಥವರು ಆಗಾಗ ಬರುತ್ತಿದ್ದರು. ಮ್ಯೂಜಿಯಮ್ಮಿನವರು ಎಂದು ಜನ ಕರೆಯುತ್ತಿದ್ದರು. ಆದರೆ ಈತನ ರೀತಿ ಬೇರೆ. ಹಲಸಂಗಿಯಿಂದ ತಂದ, ಅಜ್ಜನ ಕಾಲದ ಗುಡಾಣವೊಂದನ್ನು ತೋರಿಸಿದರೆ ಕಣ್ಣೆತ್ತಿಯೂ ನೋಡಲಿಲ್ಲ. ಅವನಿಗೆ ಬೇಕಾದದ್ದು ಮದುವೆಯ ಐರಾಣಿ ಗಡಿಗೆ ಮಾತ್ರ. ಅದರಲ್ಲೂ ಹೊಸದು. ಅದರಲ್ಲೂ, ಕೊರಳು ತಿರುಗಿಸಿ ಹಿಂದಕ್ಕೆ ನೋಡುವ ಗಿಳಿಯ ಚಿತ್ರ ಇದ್ದದ್ದು.

"ಕುಂಬಾರ ಮಾನಪ್ಪನ ಗಡಿಗಿ ಐತ್ರಿ. ಗಟ್ಟಿ ಮಾಲು," ಎಂದ ಮೋದಿನಸಾಬ.

"ಗಡಿಗಿ ಇರ್ಲಿ. ಈ ಚಿತ್ರ ಬರದಾಕಿ ಯಾರು?"

ಮೋದಿನಸಾಬ ಕೈಯಲ್ಲಿದ್ದ ಗಡಿಗೆಯನ್ನು ಕೆಳಗಿಟ್ಟ. ಬರೆದದ್ದು ಹೆಂಗಸು ಎಂದು ಅವನು ಯಾರಿಗೂ ಹೇಳಿರಲಿಲ್ಲ.

"ಮುದ್ದೇಬಿಹಾಳದ ಕಡೆಯವರು ಯಾರೋ ಬರೀತಾರಂತ್ರಿ," ಎಂದು ಬಾಯಿಗೆ ಬಂದದ್ದನ್ನು ಹೇಳಿದ.

ಬಸಂತರಾಯ ಒಂದು ಗಡಿಗೆ ಕೊಂಡ. ಚೌಕಾಶಿ ಮಾಡಲಿಲ್ಲ. ಅದನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದ.

ಅಂದು ಆಲಮೇಲಕ್ಕೆ ಮರಳುವಾಗ ಮೋದಿನಸಾಬನಿಗೆ ಎತ್ತುಗಳನ್ನು ಹೊಡೆಯುವ ಉಮೇದೂ ಇರಲಿಲ್ಲ. ಹೋದ ವರ್ಷ ಪ್ಯಾಟೆಯ ವ್ಯಾಪಾರಿಯೊಬ್ಬ ಬಂದು, ಕೌದಿ ಚಂದ ಹೊಲಿಯುತ್ತಿದ್ದ ಅಗರಖೇಡದ ಒಬ್ಬ ಹೆಣ್ಣುಮಗಳನ್ನು ಕೆಲಸ ಕೊಡಿಸುತ್ತೇನೆಂದು ಕರೆದೊಯ್ದಿದ್ದ. ಅವಳು ತಿರುಗಿ ಬಂದಿರಲಿಲ್ಲ.

ಮನೆಯ ಹಿತ್ತಲಲ್ಲಿ ಮುಮ್ತಾಜ ಸುಣ್ಣದ ಬಟ್ಟಲು ಮುಂದಿಟ್ಟುಕೊಂಡು ಕುಳಿತಿದ್ದಳು. ಕೆಮ್ಮಣ್ಣು ಬಳಿದ ಗಡಿಗೆಯ ಮೇಲೆ ಅವಳ ಬೆರಳು ಸರಸರನೆ ಓಡುತ್ತಿತ್ತು. ಗಂಡ ಹೆಂಡಿರು ಆಸೆ ಬಿಟ್ಟ ಮೇಲೆ, ತಡವಾಗಿ ಆ ಮನೆಗೆ ಬಂದ ಮಗಳು. ಅಲ್ಲಾ ಕೊಟ್ಟ ಕೂಸು ಎನ್ನುತ್ತಿದ್ದಳು ಮೋದಿನಸಾಬನ ಹೆಂಡತಿ ಶಮಶಾದಬಿ. ಮುಮ್ತಾಜಳಿಗೆ ಕಿವಿ ಕೇಳದು, ಮಾತು ಬಾರದು. ಯಾರಾದರೂ ಊರು ದಾಟಿಸಿದರೆ ತಾನು ಯಾರ ಮಗಳೆಂದು ಹೇಳಲೂ ಅವಳಿಂದಾಗದು.

"ಬರಿಯೂದು ಬಿಡಿಸಿಬಿಡೂಣೇನ?" ಎಂದು ಹೆಂಡತಿಯನ್ನು ಕೇಳಿದ.

"ಅದನ್ನೂ ಕಸಗೊಂಡ್ರ ಆಕಿಗೆ ಉಳಿಯೂದರ ಏನು?" ಎಂದಳು ಶಮಶಾದಬಿ.

ಮುಂದಿನ ಸಂತೆಗೆ ಬಸಂತರಾಯ ಮತ್ತೆ ಹಾಜರಾದ. ಮುಖ ಬಿಸಿಲಿಗೆ ಕರಕಲಾಗಿತ್ತು.

"ಮುದ್ದೇಬಿಹಾಳದಾಗ ಯಾರೂ ಹಿಂಗ ಬರಿಯೂದಿಲ್ಲ, ಸಾಬ್ರ."

"ಹಂಗಾದ್ರ ಬಸವನ ಬಾಗೇವಾಡಿ ಕಡೆ ನೋಡ್ರಿ."

ಅವನು ಅಲ್ಲಿಗೂ ಹೋದ. ಸಿಟ್ಟಾಗಲಿಲ್ಲ, ಬೈಯಲಿಲ್ಲ. ಸುಳ್ಳು ಹೇಳಿದವನಿಗೇ ಕೈಮುಗಿದು ಹೋದ. ಮೋದಿನಸಾಬನಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಬೈಯುವವನನ್ನು ಬೈದು ಕಳಿಸಬಹುದು. ಈತನನ್ನು ಏನು ಮಾಡುವುದು? ಓದಿದವನು, ಪ್ಯಾಟೆಯವನು. ನಾಳೆ ದೊಡ್ಡವರನ್ನು ಕರೆತಂದು ಬಾಗಿಲಲ್ಲಿ ನಿಂತರೆ ಗಡಿಗೆ ಮಾರುವವನ ಮಾತು ಯಾರು ಕೇಳುತ್ತಾರೆ?

ಒಂದು ಮಧ್ಯಾಹ್ನ ಆಲಮೇಲದ ಮನೆಯ ಬಾಗಿಲಲ್ಲಿ ನೆರಳು ಬಿತ್ತು.

"ಬಾಗೇವಾಡಿಯಾಗ ಒಬ್ಬ ಕುಂಬಾರ ಅಂದ," ಎಂದ ಬಸಂತರಾಯ, "ಗಡಿಗಿ ಮಾನಪ್ಪಂದು, ಚಿತ್ರ ಮೋದಿನಸಾಬನ ಮನೀದು ಅಂತ. ಯಾಕ್ರೀ ನನ್ನ ಹಂಗ ತಿರುಗಿಸಿದ್ರಿ?"

ಮೋದಿನಸಾಬ ಹೊಸ್ತಿಲಿಗೆ ಅಡ್ಡ ನಿಂತ. ಒಳಗೆ ಶಮಶಾದಬಿ ಹಿತ್ತಲ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ಮಾಡಿ ಅದಕ್ಕೆ ಬೆನ್ನು ಕೊಟ್ಟಳು.

"ಆಕೀನ ಒಮ್ಮೆ ನೋಡ್ತೇನಿ. ಅಷ್ಟ ಸಾಕು. ಆಮ್ಯಾಲಿಂದು ನಿಮ್ಮ ಮರ್ಜಿ," ಎಂದ ಬಂದವನು.

ನೋಡಿ ಹೋಗುವವನಲ್ಲ ಈತ, ಕರೆದುಕೊಂಡೇ ಹೋಗುವವನು. ಮೋದಿನಸಾಬನಿಗೆ ಆ ಕ್ಷಣ ಅಷ್ಟೇ ತೋಚಿತು. ಇನ್ನೊಂದು ಊರಿನ ಹೆಸರು ಹೇಳಿದರೆ ಅಲ್ಲಿಗೂ ಹೋಗಿ ಬರುತ್ತಾನೆ. ತಿರುಗಿ ಬರಲಾಗದ ಊರು ಒಂದೇ ಇತ್ತು.

"ನನ್ನ ಮಗಳ ಬರೀತಿದ್ದಳ್ರಿ," ಎಂದ ನೆಲ ನೋಡುತ್ತ. "ವಾಂತಿಭೇದಿ ಬ್ಯಾನಿಗೆ ಹೋದಳು. ನೀವು ಕೊಂಡದ್ದು ಉಳಿದ ಮಾಲು."

ಒಳಗೆ ಶಮಶಾದಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಬೆನ್ನ ಹಿಂದಿನ ಹಿತ್ತಲಲ್ಲಿ, ಏನೂ ಕೇಳಿಸದ ಮುಮ್ತಾಜ ತನ್ನ ಪಾಡಿಗೆ ತಾನು ಬರೆಯುತ್ತಿದ್ದಳು.

ಬಸಂತರಾಯ ಜಗಲಿಯ ಮೇಲೆ ಕುಸಿದು ಕುಳಿತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಇನ್ನು ಎದ್ದು ಹೋಗುತ್ತಾನೆ ಎಂದುಕೊಂಡ ಮೋದಿನಸಾಬ.

"ಹುಡುಗಿ ಕಳದಾಳ ಅಂದ್ರ ಜನ ನಮಗ್ಯಾಕ ಅಂತ ಬಾಯಿ ಮುಚ್ಚಿಕೋತಿದ್ರು," ಎಂದ ಕೊನೆಗೆ. "ಅದಕ್ಕ ಗಡಿಗಿ ಕೊಳ್ಳಾವ ಅಂತ ಹೇಳ್ಕೋತ ತಿರುಗಿದೆ. ಹಿಂದಕ್ಕ ನೋಡೂ ಆ ಗಿಳಿ ಆಕಿ ಸಣ್ಣಾಕಿದ್ದಾಗಿಂದ ಬರೀತಿದ್ದಳು. ನಿಮ್ಮ ಮಗಳಂತ ಸಾಕೀರಿ, ನಿಮ್ಮ ಋಣ ದೊಡ್ಡದು."

ಮೋದಿನಸಾಬ ಹಿತ್ತಲ ಬಾಗಿಲ ಕಡೆ ಹೊರಳಿ ನೋಡಿದ.

"ಎಲ್ಲಿ ಮಣ್ಣ ಮಾಡೀರಿ, ಅಷ್ಟು ತೋರಸ್ರಿ. ಪಂಢರಪುರದ ಜಾತ್ರಿಗೆ ಹೊಂಟ ದಿಂಡಿ ಗದ್ದಲದಾಗ ಕೈ ಬಿಟ್ಟುಹೋದ ಮೂಗ ಕೂಸ್ರಿ ಅದು, ನನ್ನ ಮಗಳು."